ಹೊಲದೊಳಗಿನ ಕರಿ ಹರಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ಶಿರವಾಳದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಇಂಥ ಸಮಾರಂಭದಲ್ಲಿ ಸಹಕಾರ ತತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ ಕಥೆಯನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ಮಣ್ಣು ಪರೀಕ್ಷೆ ಮಾಡುತ್ತ ಮಾಡುತ್ತಲೇ ಕೂದಲು ಬೆಳ್ಳಗಾದ ಮನುಷ್ಯ ನಾನು. ಕಾರ್ಯದರ್ಶಿಗಳು ಕರೆಯಲು ಬಂದಾಗ, “ಆ ಹರಳಿನ ಸಂಗತಿನೇ ಹೇಳ್ರಿ ಸರ, ಎಲ್ಲರಿಗೂ ಬೇಕಾಗ್ಯದ” ಎಂದರು. ಆದ್ದರಿಂದ ಹರಳಿನ ಸಂಗತಿಯನ್ನೇ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಈ ಸಂಘದ ಒಬ್ಬ ಹಿರಿಯ ಸದಸ್ಯರು ನನ್ನನ್ನು ಹುಡುಕಿಕೊಂಡು ಬಂದರು. ತಮ್ಮ ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾರೆ. ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಹೆಗಲ ಮೇಲಿನ ವಲ್ಲಿಯ ಚುಂಗಿನಲ್ಲಿ ಒಂದು ಗಂಟು ಇತ್ತು. ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಸುರುವಿದರು. ಸಾಸಿವೆಯಿಂದ ಹಿಡಿದು ಕಡಲೆಕಾಳಿನಷ್ಟು ಗಾತ್ರದ, ಆಡಿನ ಹಿಕ್ಕಿಯ ಹಾಗೆ ಗುಂಡಗಿರುವ ಕರಿ ಹರಳುಗಳು.

“ಸರ, ನಮ್ಮ ಕೆಳಗಿನ ಹೊಲದಾಗ ಖನಿಜ ಅದರಿ” ಎಂದರು. ಯಾರಾದರೂ ಕೇಳಿಯಾರು ಎಂಬಂತೆ ದನಿ ತಗ್ಗಿಸಿಯೇ ಹೇಳಿದರು.

ವಿಷಯ ಇಷ್ಟು. ಹೊರಗಿನಿಂದ ಬಂದ ಒಬ್ಬ ದಲ್ಲಾಳಿ ಹೊಲದ ಬದುವಿನ ಮೇಲೆ ಈ ಹರಳು ನೋಡಿದ್ದ. ಇದು ಮ್ಯಾಂಗನೀಸ್, ಸಂಡೂರಿನಲ್ಲಿ ಸಿಗುವ ಮಾಲು ಇಂಥದೇ, ಹೊಲ ಗುತ್ತಿಗೆಗೆ ಬರೆದುಕೊಡಿರಿ, ಪರೀಕ್ಷೆಯ ಖರ್ಚಿನ ಮುಂಗಡ ಮಾತ್ರ ನೀವೇ ಕೊಡಬೇಕು ಎಂದು ಹೇಳಿ ಹೋಗಿದ್ದ. ಕಾಕಾ ಮನೆಯ ಬಂಗಾರ ತೆಗೆದುಕೊಂಡು ಅದರ ಮೇಲೆ ಸಾಲ ಕೇಳಲು ಸಂಘಕ್ಕೆ ಬಂದಿದ್ದಾರೆ. ನಮ್ಮ ಕಾರ್ಯದರ್ಶಿಗಳು ಅನುಭವಸ್ಥರು. “ಬಂಗಾರ ಎಲ್ಲಿ ಹೋಗೂದಿಲ್ಲ, ಮೊದಲು ಆ ಹರಳು ತೋರಿಸಿಕೊಂಡು ಬರ್ರಿ” ಎಂದು ನನ್ನ ಕಡೆ ಅಟ್ಟಿದ್ದಾರೆ. ಆ ಒಂದು ಮಾತಿನಿಂದ ಒಂದು ಮನೆಯ ಬಂಗಾರ ಉಳಿಯಿತು. ಸಂಘದ ಜಮಾಖರ್ಚಿನಲ್ಲಿ ಇಂಥದನ್ನು ಬರೆಯಲು ಕಲಮು ಇಲ್ಲ, ಇರಲಿ.

ದಲ್ಲಾಳಿ ಹೇಳಿದ್ದರಲ್ಲಿ ಅರ್ಧ ನಿಜ. ಅರ್ಧ ನಿಜವೇ ಹೆಚ್ಚು ಅಪಾಯ. ಆ ಹರಳಿನಲ್ಲಿ ಮ್ಯಾಂಗನೀಸ್ ಇರುವುದು ನಿಜ, ಕಬ್ಬಿಣ ಇರುವುದೂ ನಿಜ. ನಾನು ಕಾಕಾನ ಎದುರಿಗೇ ತೋರಿಸಿದೆ. ಔಷಧಿ ಅಂಗಡಿಯಲ್ಲಿ ಗಾಯ ತೊಳೆಯಲು ಹೈಡ್ರೋಜನ್ ಪೆರಾಕ್ಸೈಡ್ ಎಂಬ ನೀರಿನಂಥ ಔಷಧ ಸಿಗುತ್ತದೆ. ಹರಳನ್ನು ಚೆನ್ನಾಗಿ ತೊಳೆದು, ಕಲ್ಲಿನಿಂದ ಜಜ್ಜಿ, ಆ ಪುಡಿಯ ಮೇಲೆ ನಾಲ್ಕು ಹನಿ ಬಿಟ್ಟರೆ ಬುಸುಬುಸು ನೊರೆ ಏಳುತ್ತದೆ. ಮ್ಯಾಂಗನೀಸಿನ ಗುಣವೇ ಅದು. ಹಳೆಯ ಟಾರ್ಚಿನ ಸೆಲ್ ಒಡೆದರೆ ಒಳಗೆ ಕರಿ ಪುಡಿ ಬರುತ್ತದಲ್ಲ, ಅದರಲ್ಲಿಯೂ ಇರುವುದು ಈ ಮ್ಯಾಂಗನೀಸಿನ ಡೈಆಕ್ಸೈಡೇ. ಮಕ್ಕಳು ಮನೆಯಲ್ಲಿ ಸೆಲ್ ಒಡೆಯಲು ಹೋಗಬೇಡಿ, ಮಾತಿಗೆ ಹೇಳಿದೆ.

ನಮ್ಮ ಯರಿ ಹೊಲದಲ್ಲಿ ಬಿಳಿ ಹರಳೂ ಇರುತ್ತವೆ, ಕರಿಯ ಹರಳಿಗಿಂತ ಅವೇ ಹೆಚ್ಚು. ಅವು ಸುಣ್ಣದ ಹರಳು, ಕಂಕರ ಎನ್ನುತ್ತೇವೆ. ಅವಕ್ಕೆ ಈ ಔಷಧ ಹಾಕಿದರೆ ಏನೂ ಆಗುವುದಿಲ್ಲ. ಲಿಂಬೆಹಣ್ಣಿನ ರಸ ಹಾಕಿದರೆ ಸಣ್ಣಗೆ ಗುಳ್ಳೆ ಬರುತ್ತದೆ. ಎರಡೂ ಒಂದೇ ಹೊಲದಲ್ಲಿದ್ದರೂ ಹುಟ್ಟಿದ ಕಾರಣ ಬೇರೆ. ನೀರು ಆರಿಹೋಗುವಾಗ ಅದರಲ್ಲಿನ ಸುಣ್ಣ ಉಳಿದು ಬಿಳಿ ಹರಳಾಗುತ್ತದೆ. ಕರಿ ಹರಳು ಹಾಗಲ್ಲ. ಅದು ಹುಟ್ಟಬೇಕಾದರೆ ಮಣ್ಣು ಉಸಿರು ಕಟ್ಟಿ ನಿಂತು, ಮತ್ತೆ ಉಸಿರಾಡಬೇಕು.

ಉಸಿರು ಎಂದು ಅಲಂಕಾರಕ್ಕೆ ಹೇಳುತ್ತಿಲ್ಲ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿವೆ. ಬೆಳೆಯ ಬೇರು, ಕಸಕಡ್ಡಿ, ಸಗಣಿ ಗೊಬ್ಬರ ಎಲ್ಲವನ್ನೂ ಅವು ತಿಂದು ಕರಗಿಸುತ್ತವೆ. ತಿನ್ನುವ ಜೀವಿಗೆ ಗಾಳಿಯೂ ಬೇಕು. ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ಗಾಳಿ ಇರುವ ತನಕ ಎಲ್ಲ ಸರಿ. ನೀರು ತುಂಬಿ ನಿಂತಿತೆಂದರೆ ಆ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ. ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನಲ್ಲಿ ಉಳಿದ ಆಮ್ಲಜನಕ ಒಂದೆರಡು ದಿನದಲ್ಲಿ ತೀರಿಹೋಗುತ್ತದೆ. ಆಗ ಈ ಜೀವಿಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಬೇರೆ ಕಡೆಯಿಂದ ಉಸಿರಿನ ಸಾಲ ತೆಗೆಯುತ್ತವೆ. ಮೊದಲು ನೈಟ್ರೇಟಿನಿಂದ, ಅಂದರೆ ನೀವು ಹಾಕಿದ ಯೂರಿಯಾ ಮಣ್ಣಿನಲ್ಲಿ ಬದಲಾದ ರೂಪದಿಂದ. ಅದು ಮುಗಿದರೆ ಮ್ಯಾಂಗನೀಸಿನಿಂದ. ಆಮೇಲೆ ಕಬ್ಬಿಣದಿಂದ. ಅದೂ ಸಾಲದಾದರೆ ಗಂಧಕಕ್ಕೆ ಕೈ ಹಾಕುತ್ತವೆ. ಆಗ ಗದ್ದೆಯ ಕೆಸರು ಕೊಳೆತ ತತ್ತಿಯ ವಾಸನೆ ಬರುತ್ತದೆ. ಈ ಕ್ರಮ ನೆನಪಿಟ್ಟುಕೊಳ್ಳಿರಿ, ಮುಂದೆ ಇದರಿಂದ ಕೆಲಸವಿದೆ.

ಕಬ್ಬಿಣ ಗಾಳಿಯಲ್ಲಿದ್ದಾಗ ತುಕ್ಕು. ತುಕ್ಕು ನೀರಿನಲ್ಲಿ ಕರಗುವುದಿಲ್ಲ. ನಮ್ಮ ಮಸಾರಿ ಹೊಲ ಕೆಂಪಗಿರುವುದು ಆ ತುಕ್ಕಿನಿಂದಲೇ. ಆದರೆ ಸೂಕ್ಷ್ಮಜೀವಿಗಳು ಉಸಿರಿಗಾಗಿ ಅದನ್ನು ಬಳಸಿಕೊಂಡಾಗ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ, ನೀರಿನ ಜೊತೆ ಸಾಗುತ್ತದೆ. ಮ್ಯಾಂಗನೀಸೂ ಹಾಗೆಯೇ. ನೀರು ಇಳಿದು, ಮಣ್ಣು ಬಿರಿದು ಗಾಳಿ ಆಡಿದ ಜಾಗಕ್ಕೆ ಬಂದ ಕೂಡಲೇ ಎರಡೂ ಮತ್ತೆ ಗಟ್ಟಿಯಾಗಿ ಅಲ್ಲಿಯೇ ಕೂರುತ್ತವೆ. ಒಮ್ಮೆ ಒಂದು ಚುಕ್ಕೆ ಕೂತಿತೆಂದರೆ ಮುಂದಿನ ಸಲ ಬಂದದ್ದೂ ಅದಕ್ಕೇ ಅಂಟುತ್ತದೆ. ದಾರಕ್ಕೆ ಕಲ್ಲುಸಕ್ಕರೆ ಕಟ್ಟುವುದನ್ನು ನೋಡಿದ್ದೀರಲ್ಲ, ಹಾಗೆ. ಮಳೆಗಾಲದಲ್ಲಿ ಕರಗುವುದು, ಬೇಸಿಗೆಯಲ್ಲಿ ಕೂರುವುದು, ಹೀಗೆ ವರ್ಷ ವರ್ಷ ನಡೆದು ಹರಳು ಬೆಳೆಯುತ್ತದೆ. ಅಡ್ಡ ಒಡೆದು ನೋಡಿದರೆ ಕೆಲವದರಲ್ಲಿ ಉಳ್ಳಾಗಡ್ಡಿಯ ಹಾಗೆ ಪದರು ಪದರು ಕಾಣುತ್ತದೆ. ಗಿಡದ ಕಾಂಡದ ಸುತ್ತುಗಳ ಹಾಗೆ ಅವನ್ನು ಎಣಿಸಿ ವಯಸ್ಸು ಹೇಳಲು ಬರುವುದಿಲ್ಲ. ಕೆಲವು ವರ್ಷ ಏನೂ ಕೂಡದೆ ಹೋಗಬಹುದು, ಕೆಲವು ವರ್ಷ ಕೂಡಿದ್ದೂ ಕರಗಬಹುದು.

ಇಲ್ಲಿ ಒಂದು ತಮಾಷೆ ಇದೆ. ಮ್ಯಾಂಗನೀಸು ಮೊದಲು ಕರಗುತ್ತದೆ, ಕೊನೆಗೆ ಗಟ್ಟಿಯಾಗುತ್ತದೆ. ಕಬ್ಬಿಣ ತಡವಾಗಿ ಕರಗಿ ಬೇಗ ಗಟ್ಟಿಯಾಗುತ್ತದೆ. ಜಾತ್ರೆಗೆ ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಮನೆಗೆ ಬರುವವರು ಇರುತ್ತಾರಲ್ಲ, ಮ್ಯಾಂಗನೀಸು ಅಂಥದು. ಹೀಗಾಗಿ ಎರಡೂ ಒಂದೇ ಮಣ್ಣಿನಿಂದ ಹೊರಟರೂ ಬೇರೆ ಬೇರೆ ಕಡೆ ಕೂರುತ್ತವೆ. ಕಬ್ಬಿಣ ಹೆಚ್ಚಿದ್ದಲ್ಲಿ ಹರಳು ಕಂದು, ಕೆಂಪು. ಮ್ಯಾಂಗನೀಸ್ ಹೆಚ್ಚಿದ್ದಲ್ಲಿ ಕಪ್ಪು. ಭೂಮಿಯ ಹೊರಪದರಿನಲ್ಲಿ ಕಬ್ಬಿಣ ನೂರಕ್ಕೆ ಸುಮಾರು 5 ಪಾಲು, ಮ್ಯಾಂಗನೀಸು ನೂರಕ್ಕೆ 0.1 ಪಾಲಿನ ಆಸುಪಾಸು. ಅಷ್ಟು ಕಡಿಮೆ ಇರುವ ವಸ್ತುವನ್ನು ಕಣ್ಣಿಗೆ ಕಾಣುವಂತೆ ಒಂದು ಕಾಳಿನಲ್ಲಿ ಕೂಡಿಹಾಕುವ ಕೆಲಸವನ್ನು ನೀರು, ಗಾಳಿ ಮತ್ತು ಸೂಕ್ಷ್ಮಜೀವಿಗಳು ಮಾಡುತ್ತವೆ.

ಮಳೆ ಹೆಚ್ಚು, ಬಿಸಿಲೂ ಹೆಚ್ಚು ಇರುವ ನಾಡುಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ. ಅಲ್ಲಿ ಉಳಿದದ್ದೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಗುಡ್ಡಕ್ಕೆ ಗುಡ್ಡವೇ ಮುರಕಲ್ಲು ಆಗಿದೆ. ಜಂಬಿಟ್ಟಿಗೆ ಎಂದೂ ಹೇಳುತ್ತಾರೆ. ನೆಲದಲ್ಲಿದ್ದಾಗ ಕೊಡಲಿಯಿಂದ ಇಟ್ಟಿಗೆಯ ಹಾಗೆ ಕಡಿಯಬಹುದು, ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಟಿಪ್ಪುವಿನ ಪತನದ ನಂತರ 1800-01ರಲ್ಲಿ ನಮ್ಮ ದಕ್ಷಿಣ ಸೀಮೆಯನ್ನೆಲ್ಲ ಸುತ್ತಿದ. ಮಲಬಾರಿನ ಅಂಗಾಡಿಪುರಂ ಎಂಬಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಅಲ್ಲಿನ ಜನ ಅದನ್ನು ಮೊದಲೇ ಇಟ್ಟಿಗೆ ಕಲ್ಲು ಎನ್ನುತ್ತಿದ್ದರು. ಈಗ ಜಗತ್ತಿನ ಎಲ್ಲ ಪುಸ್ತಕಗಳಲ್ಲಿ ಅದೇ ಹೆಸರು.

ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮಲ್ಲಿ ಬಹಳ ಜನ ಬೀದರಿಗೆ ಹೋಗಿ ಝರಣಿ ನರಸಿಂಹನ ದರ್ಶನ ಮಾಡಿರಬೇಕು. ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವ ಆ ಗುಹೆಯ ಗೋಡೆಯನ್ನು ಮುಟ್ಟಿ ನೋಡಿದವರು ಎಷ್ಟು ಜನ? ಕೆಂಪಗೆ, ತೂತು ತೂತಾಗಿ, ಹರಳು ಹರಳು ಅಂಟಿಸಿದ ಹಾಗೆ ಇರುವ ಆ ಕಲ್ಲು ಲ್ಯಾಟರೈಟೇ. ಬೀದರಿನ ದಿಬ್ಬವೆಲ್ಲ ಅದರದೇ. ಕೋಟೆಯ ಕಂದಕವನ್ನು ಕಡಿದದ್ದೂ, ಹಿಂದಿನವರು ನೆಲದೊಳಗೆ ನೀರು ತರಲು ಕಾರೇಜು ಎಂಬ ಸುರಂಗ ತೋಡಿದ್ದೂ ಅದೇ ಕಲ್ಲಿನಲ್ಲಿ. ರಸ್ತೆಗೆ ಹಾಕುವ ಕೆಂಪು ಮುರುಮು ಎಷ್ಟೋ ಕಡೆ ಇದರ ಪುಡಿಯೇ. ಕಾಕಾನ ವಲ್ಲಿಯ ಗಂಟಿನಲ್ಲಿದ್ದ ಹರಳು ಈ ಕಲ್ಲಿನ ಬಡ ಸಂಬಂಧಿ ಎನ್ನಬಹುದು. ಸಮುದ್ರದ ತಳದಲ್ಲಿ ಶ್ರೀಮಂತ ಸಂಬಂಧಿಗಳೂ ಇದ್ದಾರೆ. ಹಿಂದೂ ಮಹಾಸಾಗರದ ಆಳದಲ್ಲಿ ಆಲೂಗಡ್ಡೆಯಷ್ಟು ದಪ್ಪದ ಮ್ಯಾಂಗನೀಸ್ ಉಂಡೆಗಳಿವೆ. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಗವೇಷಣಿ ಎಂಬ ಹಡಗಿನಲ್ಲಿ ಹೋಗಿ 1981ರಲ್ಲಿ ಮೊದಲ ಸಲ ಅಂಥ ಉಂಡೆಗಳನ್ನು ಎತ್ತಿ ತಂದರು. 1987ರಲ್ಲಿ ನಮ್ಮ ದೇಶಕ್ಕೆ ಅಲ್ಲಿ ಶೋಧನೆಯ ಹಕ್ಕೂ ಸಿಕ್ಕಿತು. ಅವು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತವೆ.

ಸಂಡೂರಿನ ಮಾಲಿನ ಸಂಗತಿ ಬೇರೆಯೇ. ಅದು 250 ಕೋಟಿ ವರ್ಷಕ್ಕೂ ಹಿಂದಿನ ಕಲ್ಲಿನ ಪದರುಗಳಿಗೆ ಸೇರಿದ್ದು, ಗುಡ್ಡದ ಗುಡ್ಡವೇ ಅದಿರು. ಕಾಕಾನ ಹೊಲದಲ್ಲಿ ಒಂದು ಬುಟ್ಟಿ ಮಣ್ಣು ತೊಳೆದರೆ ಒಂದು ಮುಷ್ಟಿ ಹರಳು. ಅದನ್ನು ಆರಿಸುವ ಕೂಲಿಯೂ ಹುಟ್ಟುವುದಿಲ್ಲ. ಮೇಲಾಗಿ ಇಂಥ ಖನಿಜ ತೆಗೆಯಲು 1957ರ ಗಣಿ ಕಾಯ್ದೆಯ ಪ್ರಕಾರ ಸರಕಾರದ ಗುತ್ತಿಗೆ ಬೇಕು. ಹೊಲದ ಪಟ್ಟಾ ಇದ್ದವರು ಸ್ಟಾಂಪ್ ಕಾಗದದ ಮೇಲೆ ದಲ್ಲಾಳಿಗೆ ಬರೆದುಕೊಡುವ ವ್ಯವಹಾರವಲ್ಲ. ಇದನ್ನು ಹೇಳಿದಾಗ ಕಾಕಾ ಹರಳುಗಳನ್ನು ಮತ್ತೆ ಗಂಟು ಕಟ್ಟಿಕೊಂಡರು. ಮುಖ ಸಣ್ಣದಾಗಿತ್ತು. “ಹಂಗಾದರ ಇದರಿಂದ ಏನೂ ಉಪಯೋಗ ಇಲ್ಲೇನ್ರಿ?” ಎಂದು ಕೇಳಿ ಬಾಗಿಲ ತನಕ ಹೋದವರು ತಿರುಗಿ ನಿಂತು, “ಖನಿಜ ಸಿಕ್ಕರ ಆ ಮೂರೆಕರೆ ತೊಗರಿ ಚಿಂತಿ ತಪ್ಪತಿತ್ತು” ಎಂದರು.

ನಾನು ಎದ್ದು ನಿಂತೆ. ಯಾವ ಚಿಂತೆ ಎಂದು ಕೇಳಿದೆ. ಕೆಳಗಿನ ಮೂರು ಎಕರೆಯಲ್ಲಿ ಮೂರು ವರ್ಷದಿಂದ ತೊಗರಿ ಚೆನ್ನಾಗಿ ಏಳುತ್ತದೆ, ಭಾದ್ರಪದದ ಮಳೆ ಹಿಡಿದಾಗ ಹಳದಿಯಾಗಿ ಬಾಡುತ್ತದೆ, ಮೇಲಿನ ಹೊಲದಲ್ಲಿ ಅದೇ ಬೀಜ ಚೆನ್ನಾಗಿಯೇ ಇರುತ್ತದೆ. ರೋಗ ಎಂದು ಔಷಧ ಹೊಡೆದಿದ್ದಾರೆ, ಯೂರಿಯಾ ಹೆಚ್ಚು ಹಾಕಿದ್ದಾರೆ. ಎಲ್ಲ ಸಾಲದ ಮೇಲೆ. ಆ ದಿನ ಸಂಜೆಯೇ ನಾನು ಕಾಕಾನ ಜೊತೆ ಬಸ್ಸು ಹತ್ತಿದೆ.

ನನ್ನ ತಪ್ಪನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಣ್ಣು ಪರೀಕ್ಷೆಗೆ ಬಂದ ಮಾದರಿಯನ್ನು ನಾವು ಒಣಗಿಸಿ, ಕುಟ್ಟಿ, 2 ಮಿಲಿಮೀಟರಿನ ಜರಡಿಯಲ್ಲಿ ಸೋಸುತ್ತೇವೆ. ಕೆಳಗೆ ಬಿದ್ದದ್ದನ್ನು ಪರೀಕ್ಷಿಸುತ್ತೇವೆ, ಮೇಲೆ ಉಳಿದದ್ದನ್ನು ಹೊರಗೆ ಚೆಲ್ಲುತ್ತೇವೆ. ಎಷ್ಟೋ ವರ್ಷ ಈ ಕರಿ ಹರಳುಗಳನ್ನು ನಾನು ಜರಡಿಯ ಮೇಲಿಂದ ಅಂಗಳಕ್ಕೆ ಚೆಲ್ಲಿದ್ದೇನೆ. ರೈತರಿಗೆ ಕೊಟ್ಟ ಕಾರ್ಡಿನಲ್ಲಿ ಸಾರಜನಕ ಇಷ್ಟು, ರಂಜಕ ಇಷ್ಟು, ಪೊಟ್ಯಾಶ್ ಇಷ್ಟು ಎಂದು ಬರೆದಿದ್ದೇನೆ. ಆ ಹೊಲದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬ ಸಂಗತಿ ನಾನು ಚೆಲ್ಲಿದ ಹರಳಿನಲ್ಲಿತ್ತು.

ಕಾಕಾನ ಮೇಲಿನ ಹೊಲದಲ್ಲಿ ಒಂದು ಗುಂಡಿ, ಕೆಳಗಿನ ಹೊಲದಲ್ಲಿ ಒಂದು ಗುಂಡಿ ತೋಡಿಸಿದೆವು, ಎರಡೂ ಸೊಂಟದ ಆಳ. ಎರಡರಲ್ಲಿಯೂ ಕರಿ ಹರಳು ಸಿಕ್ಕವು. ಕಾಕಾನ ಮಗ ನಕ್ಕ, “ಎರಡೂ ಒಂದೇ ಅದಾವಲ್ರಿ ಸರ” ಎಂದ. ನಾನು ಒಂದೊಂದು ಹೆಂಟೆ ತೆಗೆದು ಕೈಯಲ್ಲಿ ಮೆಲ್ಲಗೆ ಮುರಿದು ತೋರಿಸಿದೆ. ಮೇಲಿನ ಹೊಲದ ಹರಳು ಮಣ್ಣಿನಿಂದ ಟಕ್ಕನೆ ಬೇರೆಯಾಗಿ ಬಿತ್ತು. ಅದು ಕೂತಿದ್ದ ಗೂಡು ನುಣ್ಣಗಿತ್ತು, ಸುತ್ತಲ ಮಣ್ಣಿಗೆ ಯಾವ ಬಣ್ಣವೂ ಇಲ್ಲ. ಅದು ಹಳೆಯ ಹರಳು. ಎಂದೋ ಯಾವುದೋ ಕಾಲದಲ್ಲಿ ಆ ನೆಲ ಒದ್ದೆಯಾಗಿದ್ದಾಗ ಹುಟ್ಟಿದ್ದಿರಬೇಕು, ಇಲ್ಲವೇ ನೀರಿನ ಜೊತೆ ಬೇರೆ ಕಡೆಯಿಂದ ಉರುಳಿ ಬಂದದ್ದಿರಬೇಕು. ಅದರಿಂದ ಈಗ ಹೆದರಬೇಕಾದದ್ದು ಏನೂ ಇಲ್ಲ. ಕೆಳಗಿನ ಹೊಲದ ಹರಳು ಹಾಗೆ ಬಿಡಲಿಲ್ಲ. ಅಂಚು ಮಸುಕು, ಮಣ್ಣಿಗೆ ಅಂಟಿಕೊಂಡಿತ್ತು, ಸುತ್ತ ಅರಿಷಿಣ-ಕೆಂಪು ಬಣ್ಣದ ಒಂದು ಪ್ರಭೆ ಹರಡಿತ್ತು. ಉಗುರಿನಿಂದ ಒತ್ತಿದರೆ ಕೆಲವು ಪುಡಿಯಾದವು. ಒಂದೂವರೆ ಮೊಳದ ಕೆಳಗೆ ಮಣ್ಣಿನ ಕಪ್ಪು ಹೋಗಿ ಬೂದಿ-ನೀಲಿ ಬಣ್ಣ ಇತ್ತು. ಬೂದಿ-ನೀಲಿ ಎಂದರೆ ಅಲ್ಲಿನ ಕಬ್ಬಿಣ ಕರಗಿಹೋಗಿದೆ, ಗಾಳಿ ಇಲ್ಲ ಎಂದರ್ಥ. ಅಂಥ ಬಣ್ಣದ ಮಚ್ಚೆ ಒಂದೆರಡು ಹಂಗಾಮಿನಲ್ಲಿಯೇ ಮೂಡಬಹುದು, ಗಟ್ಟಿ ಹರಳಾಗಲು ಬಹಳ ಕಾಲ ಬೇಕು. ಕೆಳಗಿನ ಹೊಲದಲ್ಲಿ ಅದು ಈಗ ಸುರುವಾಗಿತ್ತು.

ಉಸಿರಿನ ಸಾಲದ ಕ್ರಮ ನೆನಪಿದೆಯಲ್ಲ? ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ. ಕರಿ ಹರಳು ಈಗ ಹುಟ್ಟುತ್ತಿರುವ ಜಾಗದಲ್ಲಿ ಮ್ಯಾಂಗನೀಸಿನ ಸರದಿ ಬಂದಾಗಿದೆ. ಅಂದರೆ ನೈಟ್ರೇಟ್ ಅದಕ್ಕಿಂತ ಮೊದಲೇ ಖಾಲಿಯಾಗಿ ಗಾಳಿಗೆ ಹಾರಿಹೋಗಿದೆ. ಕಾಕಾ ಸಂಘದಿಂದ ಸಾಲದ ಮೇಲೆ ಒಯ್ದ ಯೂರಿಯಾ ಹೋದದ್ದು ಅಲ್ಲಿಗೆ. ಡಿ.ಎ.ಪಿ.ಯ ರಂಜಕವೂ ಅಷ್ಟೆ. ಕಬ್ಬಿಣದ ತುಕ್ಕು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹರಳಿನ ಒಳಗೆ ಸೇರಿದ ರಂಜಕ ಬೇರಿಗೆ ಸಿಗುವುದಿಲ್ಲ. ನಮ್ಮ ಯರಿ ಮಣ್ಣಿನಲ್ಲಿ ಆ ಕೆಲಸವನ್ನು ಹೆಚ್ಚಾಗಿ ಸುಣ್ಣವೇ ಮಾಡುತ್ತದೆ ಎಂಬುದನ್ನೂ ಹೇಳಬೇಕು, ಎಲ್ಲ ತಪ್ಪನ್ನು ಕರಿ ಹರಳಿನ ಮೇಲೆ ಹೊರಿಸುವುದು ನ್ಯಾಯವಲ್ಲ. ತೊಗರಿ ಬಾಡಿದ್ದಕ್ಕೆ ಕಾರಣ ಮಾತ್ರ ನಿಂತ ನೀರು. ತೊಗರಿಯ ಬೇರು ಗಾಳಿ ಇಲ್ಲದ ನೆಲದಲ್ಲಿ ತಾಳುವುದಿಲ್ಲ, ನೀರು ನಿಂತಲ್ಲಿ ರೋಗವೂ ಬೇಗ ಹತ್ತುತ್ತದೆ. ನೆಲ್ಲಿನ ಮಾತು ಬೇರೆ. ನೆಲ್ಲಿನ ದಂಟಿನೊಳಗೆ ಪೊಳ್ಳು ನಾಳಗಳಿವೆ, ಎಲೆಯಿಂದ ಬೇರಿಗೆ ಗಾಳಿ ಇಳಿಯುತ್ತದೆ. ನೆಲ್ಲು ಕಿತ್ತಾಗ ಬೇರಿಗೆ ಕೆಂಪು ತುಕ್ಕಿನ ಲೇಪ ಕಾಣುತ್ತದಲ್ಲ, ಬೇರಿನಿಂದ ಹೊರಬಂದ ಗಾಳಿ ಅಲ್ಲಿ ಕಬ್ಬಿಣವನ್ನು ಗಟ್ಟಿ ಮಾಡಿದ ಗುರುತು ಅದು.

ನೆಲ್ಲಿನ ಮಾತು ಬಂತು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ನಮ್ಮ ಸೀಮೆಗೆ ಬಂತು. ಆ ನೀರು ಬರದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಹಿರಿಯರಿಗೆ ಗೊತ್ತಿದೆ. ಗುಳೇ ಹೋದ ಮನೆಗಳ ಲೆಕ್ಕ ನಿಮ್ಮ ಹತ್ತಿರವೇ ಇದೆ. ಯೋಜನೆ ಮಾಡಿದವರು ಜೋಳ, ಶೇಂಗಾ, ಹತ್ತಿ, ತೊಗರಿಯಂಥ ಅರೆ ನೀರಾವರಿ ಬೆಳೆಗೆಂದು ಲೆಕ್ಕ ಹಾಕಿದ್ದರು, ನೆಲ್ಲು ಬೆಳೆಯಬಾರದೆಂಬ ನಿಯಮವೂ ಇತ್ತು. ಆದರೆ ನೆಲ್ಲಿಗೆ ಗಿರಾಕಿ ಇದೆ, ನೀರು ಹತ್ತಿರ ಇದ್ದವರು ನೆಲ್ಲು ಹಚ್ಚಿದರು. ಅವರನ್ನು ಬೈಯುವ ಅಧಿಕಾರ ನನಗಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ. ಯರಿ ಮಣ್ಣು ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ, ಒದ್ದೆಯಾದಾಗ ಊದಿಕೊಂಡು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಕೆಳಗೆ ಇಳಿಯುವುದು ಬಹಳ ನಿಧಾನ. ಮೇಲಿನವರ ಗದ್ದೆಯ ಬಸಿ ನೀರು ಕೆಳಗಿನವರ ಹೊಲದಲ್ಲಿ ಕೂತುಕೊಳ್ಳುತ್ತದೆ. ಹೀಗೆ ಎಷ್ಟೋ ಹೊಲಗಳು ಸವಳು-ಜವಳು ಆದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇಂಥ ಭೂಮಿಯ ಸುಧಾರಣೆಯ ಮೇಲೆಯೇ ಕೆಲಸ ಮಾಡಿದ್ದಾರೆ. ನೆಲದ ಮೇಲೆ ಬಿಳಿ ಉಪ್ಪು ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಒಳಗಿನ ಮಣ್ಣು ಬೂದಿ-ನೀಲಿ ಆಗಿರುವುದು, ಹರಳಿನ ಅಂಚು ಮಸುಕಾಗಿರುವುದು ಅದಕ್ಕಿಂತ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ಗುರುತು ಹೇಳುತ್ತೇನೆ, ಇದಕ್ಕೆ ಗುಂಡಿಯೂ ಬೇಡ. ಬಸಿ ನೀರು ನಿಂತ ತಗ್ಗಿನಲ್ಲಿ ಮೇಲೆ ಎಣ್ಣೆ ಬಿದ್ದ ಹಾಗೆ ಬಣ್ಣ ಬಣ್ಣದ ತೆಳು ಪೊರೆ ಕಾಣುತ್ತದೆ. ಡೀಸೆಲ್ ಇಂಜಿನ್ನಿನ ಎಣ್ಣೆ ಎಂದು ಜಗಳವಾದದ್ದೂ ಉಂಟು. ಕಡ್ಡಿಯಿಂದ ಕದಡಿ ನೋಡಿರಿ. ಎಣ್ಣೆಯಾದರೆ ಸುತ್ತಿಕೊಂಡು ಮತ್ತೆ ಕೂಡುತ್ತದೆ. ಹಪ್ಪಳದ ಹಾಗೆ ಚೂರು ಚೂರಾಗಿ ಒಡೆದರೆ ಅದು ಕಬ್ಬಿಣದ ಪೊರೆ. ನೆಲದೊಳಗೆ ಕರಗಿ ಬಂದ ಕಬ್ಬಿಣ ಅಲ್ಲಿ ಗಾಳಿ ಕಾಣುತ್ತಿದೆ.

(ಇಲ್ಲಿ ಸಭೆಯಿಂದ ಒಬ್ಬ ತಾಯಿ, “ಆ ಹರಳು ಇರೂ ಹೊಲದ ಬೋರಿನ ನೀರು ಕುಡದರ ಏನರ ಆಗ್ತದೇನ್ರಿ?” ಎಂದು ಕೇಳಿದರು. ಅದಕ್ಕೆ ಕೊಟ್ಟ ಉತ್ತರ:) ಹರಳು ಕರಗಿ ನೀರಿಗೆ ಬರುವುದಿಲ್ಲವ್ವ. ಆದರೆ ಕೊಡದ ತಳಕ್ಕೆ ಕೆಂಪು ರಾಡಿ ಕೂತರೆ, ಬಿಳಿ ಬಟ್ಟೆಗೆ ಕಲೆ ಹತ್ತಿದರೆ ಆ ನೀರಿನಲ್ಲಿ ಕಬ್ಬಿಣ ಇದೆ ಎಂದರ್ಥ. ಕುಡಿಯುವ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಕಬ್ಬಿಣಕ್ಕಿಂತ ಹೆಚ್ಚಾಗಿ ಫ್ಲೋರೈಡಿಗಾಗಿ. ನಮ್ಮ ಜಿಲ್ಲೆಯ ಬಹಳ ಬೋರುಗಳಲ್ಲಿ ಅದರ ತೊಂದರೆ ಇದೆ, ಅದು ಬಣ್ಣದಿಂದಾಗಲಿ ರುಚಿಯಿಂದಾಗಲಿ ಗೊತ್ತಾಗುವುದಿಲ್ಲ.

ಈಗ ಕಾಕಾನ ಹೊಲಕ್ಕೆ ಬರೋಣ. ನೀರು ಯಾಕೆ ನಿಂತಿತು ಎಂದು ನಾವು ಬದುವಿನ ಗುಂಟ ನಡೆದೆವು. ಕಾಕಾನಿಗೇ ನೆನಪಾಯಿತು. ಅವರು ಸಣ್ಣವರಿದ್ದಾಗ ಆ ಐದು ಹೊಲಗಳ ನಡುವೆ ಹಳ್ಳದ ತನಕ ಒಂದು ಹರಿ ಇತ್ತಂತೆ. ಮುತ್ಯಾನ ಕಾಲದಲ್ಲಿ ಪ್ರತಿ ವರ್ಷ ಮಿರಗದ ಮಳೆಗೆ ಮೊದಲು ಐದೂ ಮನೆಯವರು ಕೂಡಿ ಅದರ ಹೂಳು ತೆಗೆಯುತ್ತಿದ್ದರು. ಕಾಲುವೆ ಬಂದ ಮೇಲೆ, ಟ್ರ್ಯಾಕ್ಟರ್ ಬಂದ ಮೇಲೆ, ಎರಡು ಸಾಲು ಹೆಚ್ಚಿಗೆ ಸಿಗುತ್ತದೆಂದು ಒಬ್ಬೊಬ್ಬರಾಗಿ ಅದನ್ನು ಒತ್ತಿ ಸಮ ಮಾಡಿದರು. ಕಾಕಾನೂ ಮಾಡಿದ್ದಾರೆ, ಅದನ್ನು ಅವರೇ ಒಪ್ಪಿಕೊಂಡರು.

ಔಷಧದ ಅಂಗಡಿಯಲ್ಲಿ ಇದಕ್ಕೆ ಮದ್ದಿಲ್ಲ. ಬಸಿಗಾಲುವೆ ತೋಡಬೇಕು, ಹಳ್ಳದ ತನಕ ಬಿಡಬೇಕು. ಜಿಪ್ಸಮ್ ಹಾಕುವುದು, ಸೆಣಬು ಬಿತ್ತಿ ಹಸಿರು ಗೊಬ್ಬರ ಮಾಡುವುದು, ಜಿಂಕ್ ಸಲ್ಫೇಟು ಇವೆಲ್ಲ ಮಣ್ಣು ಪರೀಕ್ಷೆ ನೋಡಿ ಆಮೇಲೆ ಮಾಡುವ ಕೆಲಸ. ನೀರಿಗೆ ದಾರಿ ಕೊಡದೆ ಅವನ್ನು ಹಾಕಿದರೆ ಮತ್ತೆ ಸಾಲದ ಮೇಲೆ ಸಾಲ. ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಭೀಮರಾಯನಗುಡಿಯ ಕೃಷಿ ಕಾಲೇಜು ಎರಡೂ ನಮ್ಮ ಜಿಲ್ಲೆಯಲ್ಲಿಯೇ ಇವೆ, ಕೇಳಲು ಸಂಕೋಚ ಬೇಡ.

ಕಷ್ಟ ಬಂದದ್ದು ತೋಡುವ ಕೆಲಸದಲ್ಲಿ. ಸಂಘದ ಪಡಸಾಲೆಯಲ್ಲಿ ಐದೂ ಮನೆಯವರನ್ನು ಕೂರಿಸಿದೆವು. ನಾಲ್ವರು ಒಪ್ಪಿ ತಮ್ಮ ತಮ್ಮ ಪಾಲು ತೋಡಿದರು. ಐದನೆಯವರ ಹೊಲ ಎಲ್ಲಕ್ಕಿಂತ ಕೆಳಗೆ, ಹಳ್ಳಕ್ಕೆ ಹತ್ತಿದ್ದು. ಅವರು ಒಪ್ಪಲಿಲ್ಲ. “ನಾಲ್ಕು ಮಂದಿ ನೀರು ನನ್ನ ತಲಿ ಮ್ಯಾಲ ಬಿಡ್ತೀರಿ, ನನ್ನ ಮೂರು ಗುಂಟೆ ಹರಿಗೆ ಹೋಗ್ತದ, ನನಗೇನು ಬಂತು?” ಎಂದರು. ನಾನು ಆ ದಿನ ಅವರ ಮೇಲೆ ಸಿಟ್ಟಾದೆ. ಮನೆಗೆ ಹೋಗಿ ಯೋಚನೆ ಮಾಡಿದಾಗ ಅವರ ಮಾತು ಸುಳ್ಳಲ್ಲ ಎನ್ನಿಸಿತು. ಲಾಭ ನಾಲ್ವರಿಗೆ, ನೆಲ ಹೋಗುವುದು ಒಬ್ಬರದು. ಮೂರು ಗುಂಟೆಯ ಬೆಲೆಯನ್ನು ಉಳಿದ ನಾಲ್ವರು ಹಂಚಿಕೊಳ್ಳಬಹುದೇ, ಅಥವಾ ಸಂಘದ ನಿಧಿಯಿಂದ ಏನಾದರೂ ಸಹಾಯವಾದೀತೇ ಎಂದು ಅಧ್ಯಕ್ಷರ ಮುಂದೆ ಇಟ್ಟಿದ್ದೇನೆ. ಅವರು ಸಾಮಾನ್ಯ ಸಭೆಗೆ ತರುತ್ತೇನೆ ಎಂದಿದ್ದಾರೆ. ಈ ಮುಂಗಾರಿನಲ್ಲಿ ನೀರು ನಾಲ್ಕನೆಯ ಹೊಲದ ತುದಿಗೆ ಬಂದು ನ���ಂತಿತು. ಕಾಕಾನ ಮೇಲಿನ ಅರ್ಧ ಭಾಗದಲ್ಲಿ ತೊಗರಿ ನಿಂತಿದೆ, ಕೆಳಗಿನ ಅರ್ಧ ಮತ್ತೆ ಹೋಯಿತು.

ಐದನೆಯವರೂ ಈ ಸಭೆಯಲ್ಲಿ ಕುಳಿತಿದ್ದಾರೆ. ಅವರ ಹೊಲದಲ್ಲಿಯೂ ಒಂದು ಗುಂಡಿ ತೋಡಿ ನೋಡೋಣ ಎಂದು ನಿನ್ನೆ ರಾತ್ರಿ ಕೇಳಿದೆ. ನೀರು ಹಳ್ಳದ ದಂಡೆಯಲ್ಲಿದ್ದವರನ್ನೂ ಬಿಡುವುದಿಲ್ಲ, ಅವರ ಹರಳಿನ ಅಂಚು ಹೇಗಿದೆಯೋ ನೋಡಬೇಕು. “ನೋಡೂಣು ಬರ್ರಿ” ಎಂದಿದ್ದಾರೆ. ಊಟ ಆದ ಮೇಲೆ ಮೂರು ಗಂಟೆಗೆ ಹಳೆಯ ಗುಡಿಗಳ ಕಡೆಯ ದಾರಿ ಹಿಡಿದು ಅಲ್ಲಿಗೆ ಹೋಗುತ್ತೇವೆ. ಬರುವವರು ಬರ್ರಿ. ಸಲಿಕೆ ಎರಡಿವೆ, ಇನ್ನೊಂದು ಯಾರಾದರೂ ತಂದರೆ ಒಳ್ಳೆಯದು. ಔಷಧದ ಬಾಟಲಿ ನನ್ನ ಚೀಲದಲ್ಲಿದೆ.